ಒಂದೇ ಪುಟಕ್ಕೆ ಒಂದೇ ಕ್ಷಣದಲ್ಲಿ ಊರೆಲ್ಲ ಬಂದರೆ ಪ್ರಾಕ್ಸಿ ಏನು ಮಾಡುತ್ತದೆ?

ತೋಟದಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಒಂದು ಸಹಕಾರಿ ಸಂಘದ ಅಡಿಕೆ ದರದ ಪುಟ ನಾನು ನೋಡಿಕೊಳ್ಳುತ್ತೇನೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಜೊತೆಗೆ ಕಾಳುಮೆಣಸು. ಆ ದಿನದ ಟೆಂಡರಿನಲ್ಲಿ ಕ್ವಿಂಟಲ್‌ಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಸರಾಸರಿ ಎಷ್ಟು, ಇಷ್ಟೇ ಅದರಲ್ಲಿ ಇರುವುದು. ಹಿಂದೆ ಪುಟ ತಯಾರಿಸುವ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸ್, ಮುಂದೆ ಎಂಜಿನ್‌ಎಕ್ಸ್ ಪ್ರಾಕ್ಸಿ, ಅಂದರೆ ಪುಟ ಕೇಳುವವರಿಗೂ ಹಿಂದಿನ ಸರ್ವರ್‌ಗೂ ನಡುವೆ ನಿಲ್ಲುವ ಮಧ್ಯವರ್ತಿ. ಸಣ್ಣ ಬಾಡಿಗೆ ಸರ್ವರ್.

ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಯಾರೂ ಆ ಕಡೆ ಸುಳಿಯುವುದಿಲ್ಲ. ಟೆಂಡರ್ ಮುಗಿದು ದರ ಹಾಕಿದ ಕೂಡಲೇ ವಾಟ್ಸಾಪ್ ಗುಂಪುಗಳಲ್ಲಿ ಲಿಂಕ್ ಹರಿದಾಡುತ್ತದೆ. ಸಿದ್ದಾಪುರದಿಂದ ಯಲ್ಲಾಪುರದವರೆಗೆ ಎಲ್ಲರೂ ಒಟ್ಟಿಗೇ ತೆರೆಯುತ್ತಾರೆ. ಪ್ರಾಕ್ಸಿಯಲ್ಲಿ 1 ನಿಮಿಷದ ಕ್ಯಾಶ್ (ಪುಟದ ಪ್ರತಿಯನ್ನು ಅಷ್ಟು ಹೊತ್ತು ಇಟ್ಟುಕೊಂಡು ಕೊಡುವುದು) ಇಟ್ಟಿದ್ದೇನೆ, ‘ಪ್ರಾಕ್ಸಿ ಕ್ಯಾಶ್ ಲಾಕ್’ ಕೂಡ ಆನ್ ಇದೆ. ಆದರೂ ನಿಮಿಷಕ್ಕೊಮ್ಮೆ ಡೇಟಾಬೇಸ್ ಮೇಲಿನ ಹೊರೆ ಗೋಡೆ ಹತ್ತಿದ ಹಾಗೆ ಏರುತ್ತದೆ, ಕೆಲವರಿಗೆ 504 (ಹಿಂದಿನ ಸರ್ವರ್ ಸಮಯಕ್ಕೆ ಉತ್ತರ ಕೊಡಲಿಲ್ಲ ಎಂಬ ದೋಷ) ಬರುತ್ತದೆ, ಮತ್ತೆ ಇಳಿಯುತ್ತದೆ. ಒಬ್ಬನೇ ಹೋಗಿ ತರಬೇಕು, ಉಳಿದವರು ಕಾಯಬೇಕು ಎಂದಲ್ಲವೇ ಆ ಲಾಕ್ ಇರುವುದು? ಮತ್ತೆ ಎಲ್ಲರೂ ಯಾಕೆ ಹಿಂದಿನ ಸರ್ವರ್‌ಗೆ ಹೋಗುತ್ತಿದ್ದಾರೆ?

ಇದು ನನಗೆ ಬರೀ ತಾಂತ್ರಿಕ ಕುತೂಹಲದ ಪ್ರಶ್ನೆ ಅಲ್ಲ. ಚೀಲ ತುಂಬಿಸಿ ಗಾಡಿ ಹೇಳಿಟ್ಟುಕೊಂಡು ದರ ನೋಡಲು ಕೂತವರಿಗೆ ಆ ಹೊತ್ತಿಗೇ ಪುಟ ತೆರೆಯದಿದ್ದರೆ ಆ ಪುಟ ಇದ್ದೂ ಪ್ರಯೋಜನ ಇಲ್ಲ.

ಅಘನಾಶಿನಿ (ಕುಮಟಾ)

ಒಳ್ಳೆಯ ಪ್ರಶ್ನೆ. ನಾನು ಇಂಥದ್ದೇ ಕೆಲಸದಲ್ಲಿ ಇದ್ದೇನೆ, ಮನೆಯಿಂದಲೇ. ಉತ್ತರಕ್ಕೆ ಮೊದಲು ಒಂದು ಸಹಾಯ ಮಾಡಿ. ಎಂಜಿನ್‌ಎಕ್ಸ್ ಲಾಗಿನಲ್ಲಿ ‘ಅಪ್‌ಸ್ಟ್ರೀಮ್ ಕ್ಯಾಶ್ ಸ್ಟೇಟಸ್’ ಎಂಬ ಚರಪದ ಇರುತ್ತದೆ, ಅದನ್ನೂ ‘ರಿಕ್ವೆಸ್ಟ್ ಟೈಮ್’ ಅನ್ನೂ ಲಾಗ್ ಫಾರ್ಮ್ಯಾಟಿಗೆ ಸೇರಿಸಿ, ನಾಳೆ ದರ ಬಂದ ಮೇಲೆ ಹೊರೆ ಏರಿದ ಆ ಕ್ಷಣದ ನಾಲ್ಕಾರು ಸಾಲು ಇಲ್ಲಿ ಹಾಕಿ. ಬಂದವರಿಗೆ ಹಿಟ್ (ಪ್ರತಿ ಕ್ಯಾಶಿನಲ್ಲೇ) ಸಿಕ್ಕಿತೋ, ಮಿಸ್ (ಕ್ಯಾಶಿನಲ್ಲಿ ಪ್ರತಿ ಇಲ್ಲ) ಆಯಿತೋ, ಬೇರೆ ಏನಾದರೂ ಇದೆಯೋ ಎಂದು ಗೊತ್ತಾಗದೆ ಔಷಧ ಹೇಳಲಿಕ್ಕೆ ಬರುವುದಿಲ್ಲ.

ಉಳಿದವರಿಗಾಗಿ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಕ್ಯಾಶ್ ಇದ್ದರೆ ಹಿಂದಿನ ಸರ್ವರ್‌ಗೆ ಹೊರೆ ಇಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಪ್ರತಿ ಇದ್ದಾಗ ಅದು ಸರಿ. ಪ್ರತಿ ಇಲ್ಲದ ಸಣ್ಣ ಸಂದಿಯೊಂದು ಇರುತ್ತದೆ. ಮೊದಲನೆಯ ಕೋರಿಕೆ ಹಿಂದಕ್ಕೆ ಹೋಗಿ ಉತ್ತರ ತರುವ ತನಕದ ಸಮಯ ಅದು. ಹಿಂದಿನ ಸರ್ವರ್ 2 ಸೆಕೆಂಡ್ ತೆಗೆದುಕೊಂಡರೆ, ಆ 2 ಸೆಕೆಂಡಿನಲ್ಲಿ ಬಂದ ಪ್ರತಿಯೊಬ್ಬರಿಗೂ ಕ್ಯಾಶ್ ಖಾಲಿಯೇ ಕಾಣುತ್ತದೆ. ಎಲ್ಲರೂ ಹಿಂದಕ್ಕೆ ನುಗ್ಗುತ್ತಾರೆ. ನುಗ್ಗಿದ್ದರಿಂದ ಸರ್ವರ್ ಇನ್ನೂ ನಿಧಾನ, ನಿಧಾನವಾದ್ದರಿಂದ ಸಂದಿ ಇನ್ನೂ ದೊಡ್ಡದು, ಸಂದಿ ದೊಡ್ಡದಾದ್ದರಿಂದ ನುಗ್ಗುವವರು ಇನ್ನೂ ಜಾಸ್ತಿ. ಅಪಾಚೆ ಎಂಬ ವೆಬ್ ಸರ್ವರ್‌ನ ದಾಖಲೆಗಳಲ್ಲಿ ಇದಕ್ಕೆ ‘ಥಂಡರಿಂಗ್ ಹರ್ಡ್’ ಎಂಬ ಹೆಸರೇ ಇದೆ.

ಮದ್ದು ಎಲ್ಲ ಪ್ರಾಕ್ಸಿಗಳಲ್ಲೂ ಒಂದೇ ತತ್ವದ್ದು: ಊರಿನಿಂದ ಒಬ್ಬ ಮಂಡಿಗೆ ಹೋಗಿ ದರ ಕೇಳಿಕೊಂಡು ಬಂದರೆ ಸಾಕು, ಊರಿಗೆ ಊರೇ ಹೋಗಬೇಕಾಗಿಲ್ಲ. ಒಂದೇ ವಿಳಾಸದ ಕೋರಿಕೆಗಳನ್ನು ಒಂದಾಗಿ ಮಡಚಿ, ಒಂದನ್ನು ಮಾತ್ರ ಹಿಂದಕ್ಕೆ ಕಳಿಸಿ, ಬಂದ ಉತ್ತರವನ್ನು ಎಲ್ಲರಿಗೂ ಹಂಚುವುದು. 2022ರ ಜೂನಿನಲ್ಲಿ ಬಂದ ಎಚ್‌ಟಿಟಿಪಿ ಕ್ಯಾಶಿಂಗ್ ನಿಯಮಾವಳಿ, ಆರ್‌ಎಫ್‌ಸಿ 9111, ಇದನ್ನು ಹೆಸರಿಟ್ಟೇ ಹೇಳುತ್ತದೆ. ಆದರೆ ಹೇಗೆ ಮಾಡಬೇಕು ಎಂಬುದನ್ನು ಪ್ರಾಕ್ಸಿಗಳಿಗೇ ಬಿಟ್ಟಿದೆ, ಮತ್ತು ಒಂದೊಂದು ಪ್ರಾಕ್ಸಿ ಒಂದೊಂದು ಥರ ಮಾಡುತ್ತದೆ. ತೊಂದರೆ ಬರುವುದು ಅಲ್ಲೇ.

ಕೋಡಿಬಾಗ (ಕಾರವಾರ)

ನಾನೂ ಇದರಲ್ಲಿ ಸೇರಿಕೊಳ್ಳುತ್ತೇನೆ, ನನ್ನದು ಪ್ರಾಕ್ಸಿಯ ಇನ್ನೊಂದು ದಿಕ್ಕು. ಇಲ್ಲಿ ಒಂದು ಕಾಲೇಜಿನ ಲ್ಯಾಬಿನಲ್ಲಿ ಸ್ಕ್ವಿಡ್ ಎಂಬ ಪ್ರಾಕ್ಸಿ ಇದೆ, ಒಳಗಿನ ಮಕ್ಕಳು ಹೊರಗೆ ಹೋಗುವ ದಾರಿ ಅದೇ. ಮೇಷ್ಟ್ರು ‘ಎಲ್ಲರೂ ಈ ಪ್ಯಾಕೇಜ್ ಹಾಕಿಕೊಳ್ಳಿ’ ಅಂದ ಕೂಡಲೇ ಇಡೀ ಕ್ಲಾಸು ಒಂದೇ ಫೈಲನ್ನು ಒಟ್ಟಿಗೇ ಎಳೆಯುತ್ತದೆ. ಲೈನು ಮೊದಲೇ ಸಣ್ಣದು, ಎಲ್ಲರಿಗೂ ಹನಿ ಹನಿ. ಸ್ಕ್ವಿಡ್ ಒಮ್ಮೆ ಮಾತ್ರ ತಂದು ಎಲ್ಲರಿಗೂ ಕೊಡಬೇಕಿತ್ತಲ್ಲ?

ಅಘನಾಶಿನಿ (ಕುಮಟಾ)

ಕೋಡಿಬಾಗದವರೇ, ಸ್ಕ್ವಿಡ್‌ನಲ್ಲಿ ಅದಕ್ಕೆ ‘ಕೊಲ್ಯಾಪ್ಸ್ಡ್ ಫಾರ್ವರ್ಡಿಂಗ್’ ಎಂಬ ಸೆಟ್ಟಿಂಗ್ ಇದೆ, ತಾನಾಗಿ ಅದು ಆಫ್ ಇರುತ್ತದೆ. 2.6ರಲ್ಲಿ ಇತ್ತು, 3ನೇ ಸರಣಿಯ ಮೊದಲ ಆವೃತ್ತಿಗಳಲ್ಲಿ ಇರಲಿಲ್ಲ, 3.5ರಲ್ಲಿ ಮರಳಿ ಬಂತು. ಆಫ್ ಇಟ್ಟಿರುವುದಕ್ಕೆ ಕಾರಣ ಇದೆ: ಮೊದಲನೆಯ ಕೋರಿಕೆ ಹೋಗಿ ಉತ್ತರದ ಹೆಡರ್ (ಉತ್ತರದ ತಲೆಯಲ್ಲಿ ಬರುವ ವಿವರದ ಸಾಲುಗಳು) ಬರುವ ತನಕ ಉಳಿದವರನ್ನು ನಿಲ್ಲಿಸುತ್ತದೆ, ಬಂದ ಉತ್ತರ ಕ್ಯಾಶ್ ಮಾಡುವಂಥದ್ದಲ್ಲ ಎಂದು ಗೊತ್ತಾದರೆ, ನಿಂತವರೆಲ್ಲ ಮತ್ತೆ ತಂತಮ್ಮ ದಾರಿ ಹಿಡಿಯಬೇಕು. ಆಗ ಕಾದದ್ದು ನಷ್ಟ. ಸಾಮಾನ್ಯ ಓಡಾಟದಲ್ಲಿ ಅಂಥ ನಷ್ಟವೇ ಜಾಸ್ತಿ. ನಿಮ್ಮ ಲ್ಯಾಬಿನಂತೆ ಒಂದೇ ಫೈಲಿಗೆ ಗುಂಪು ಬೀಳುವ ಕಡೆ ಅದನ್ನು ಆನ್ ಮಾಡುವುದೇ ಸರಿ.

ಇನ್ನೆರಡು ನೋಡಿ. ‘ಮ್ಯಾಕ್ಸಿಮಮ್ ಆಬ್ಜೆಕ್ಟ್ ಸೈಜ್’ ತಾನಾಗಿ 4 ಎಂಬಿ. ಅದಕ್ಕಿಂತ ದೊಡ್ಡ ಫೈಲನ್ನು ಸ್ಕ್ವಿಡ್ ಇಟ್ಟುಕೊಳ್ಳುವುದಿಲ್ಲ, ಇಟ್ಟುಕೊಳ್ಳದ್ದನ್ನು ಹಂಚುವುದೂ ಇಲ್ಲ. ಅದನ್ನು ಏರಿಸಿ, ಆ ಸಾಲನ್ನು ‘ಕ್ಯಾಶ್ ಡಿರ್’ ಸಾಲಿನ ಮೇಲೆ ಬರೆಯಿರಿ, ಕೆಳಗೆ ಬರೆದರೆ ಆ ಡಿರೆಕ್ಟರಿಗೆ ಅದು ತಾಗುವುದಿಲ್ಲ. ಎರಡನೆಯದು, ವಿಳಾಸ ಎಚ್‌ಟಿಟಿಪಿಎಸ್ ಆಗಿದ್ದರೆ ಸ್ಕ್ವಿಡ್‌ಗೆ ‘ಕನೆಕ್ಟ್’ ಎಂಬ ಒಂದು ಸುರಂಗ ಮಾತ್ರ ಕಾಣುತ್ತದೆ, ಒಳಗೆ ಯಾವ ಫೈಲು ಎಂದು ಗೊತ್ತೇ ಆಗುವುದಿಲ್ಲ. ಒಂದೇ ಫೈಲನ್ನು ಎಲ್ಲರೂ ಎಳೆದರೂ ಅದಕ್ಕೆ ಅವು ಬೇರೆ ಬೇರೆ ಸುರಂಗ. ಅಲ್ಲಿ ಮಡಚುವ ಮಾತೇ ಇಲ್ಲ.

ಕೋಡಿಬಾಗ (ಕಾರವಾರ)

ಉಬುಂಟು ಪ್ಯಾಕೇಜುಗಳು ಎಚ್‌ಟಿಟಿಪಿಯಲ್ಲೇ ಬರುತ್ತವೆ, ಹಾಗಾದರೆ ಅಲ್ಲಿ ಲಾಭ ಉಂಟು. ಪೈಥಾನ್ ಪ್ಯಾಕೇಜುಗಳು ಎಚ್‌ಟಿಟಿಪಿಎಸ್, ಅಲ್ಲಿ ಇಲ್ಲ. ಸರಿಯೇ?

ಅಘನಾಶಿನಿ (ಕುಮಟಾ)

ಸರಿ. ಉಬುಂಟು, ಡೆಬಿಯನ್ ಪಟ್ಟಿಗಳಿಗೆ ಸಹಿ ಇರುವುದರಿಂದ ನಡುದಾರಿಯಲ್ಲಿ ಯಾರಾದರೂ ತಿದ್ದಿದರೆ ಪ್ಯಾಕೇಜ್ ಹಾಕುವ ಆಪ್ಟ್ ಒಪ್ಪುವುದಿಲ್ಲ, ಆದ್ದರಿಂದ ಎಚ್‌ಟಿಟಿಪಿಯಲ್ಲಿ ತಂದರೂ ಭಯವಿಲ್ಲ. ಅದಕ್ಕೇ ಎಂದು ‘ಆಪ್ಟ್ ಕ್ಯಾಶರ್ ಎನ್‌ಜಿ’ ಎಂಬ ಪ್ರಾಕ್ಸಿ ಇದೆ, 3142ನೇ ಪೋರ್ಟಿನಲ್ಲಿ ಕೂರುತ್ತದೆ. ಪೈಥಾನಿಗೆ ಲ್ಯಾಬಿನ ಒಳಗೇ ಒಂದು ಮಿರರ್ (ಪ್ಯಾಕೇಜುಗಳ ನಕಲು ಸಂಗ್ರಹ) ಇಡಿ. ಮಕ್ಕಳ ಎಚ್‌ಟಿಟಿಪಿಎಸ್ ಒಡೆದು ನೋಡುವ ಸೆಟ್ಟಿಂಗ್ ಸ್ಕ್ವಿಡ್‌ನಲ್ಲಿ ಇದೆ, ಆದರೆ ಅದೇ ಲೈನಿನಲ್ಲಿ ಅವರು ಬ್ಯಾಂಕನ್ನೂ ತೆರೆಯುತ್ತಾರೆ. ಡೌನ್‌ಲೋಡ್ ಬೇಗ ಆಗಲಿ ಎಂದು ಅದಕ್ಕೆ ಕೈ ಹಾಕಬೇಡಿ.

ತೋಟದಮನೆ (ಶಿರಸಿ)

ಇವತ್ತಿನ ಲಾಗ್ ಇಲ್ಲಿದೆ. ಹೊರೆ ಏರಿದ ಹೊತ್ತಿನದು, ಅಡ್ರೆಸ್ಸುಗಳನ್ನು ತೆಗೆದಿದ್ದೇನೆ. ಕೊನೆಯ ಸಂಖ್ಯೆ ತೆಗೆದುಕೊಂಡ ಸೆಕೆಂಡು.

14:36:11 — ಹಿಟ್ — 0.000
14:36:14 — ಎಕ್ಸ್‌ಪೈರ್ಡ್ — 1.812
14:36:15 — ಎಕ್ಸ್‌ಪೈರ್ಡ್ — 2.440
14:36:16 — ಎಕ್ಸ್‌ಪೈರ್ಡ್ — 3.107
14:36:20 — ಎಕ್ಸ್‌ಪೈರ್ಡ್ — 6.934

ನಡುವೆ ಇಂಥವೇ ಇನ್ನೂ ಬಹಳ ಇವೆ, ಅಲ್ಲಲ್ಲಿ ಹಿಟ್ ಕೂಡ ಇದೆ. ಮಿಸ್ ಮಾತ್ರ ಇಲ್ಲವೇ ಇಲ್ಲ.

ಅಘನಾಶಿನಿ (ಕುಮಟಾ)

ಸಿಕ್ಕಿತು.

ಮೊದಲು ಒಂದು ವಿಷಯ: ಎಂಜಿನ್‌ಎಕ್ಸ್ ಲಾಗಿನ ಸಾಲು ಬರೆಯುವುದು ಕೋರಿಕೆ ಮುಗಿದ ಮೇಲೆ. ಬಂದ ಹೊತ್ತು ಬೇಕಿದ್ದರೆ ತೆಗೆದುಕೊಂಡ ಸೆಕೆಂಡನ್ನು ಕಳೆಯಬೇಕು. ಕಳೆದು ನೋಡಿ: 12, 12, 12, 13. ನೋಡಲು ದೂರ ದೂರ ಕಂಡರೂ ಈ ನಾಲ್ಕೂ ಹೆಚ್ಚುಕಡಿಮೆ ಒಂದೇ ಸೆಕೆಂಡಿನಲ್ಲಿ ಬಂದವು. ಹಳೆಯ ಪ್ರತಿಯ ಗಡುವು ಮುಗಿದ ಕ್ಷಣಕ್ಕೆ ಬಾಗಿಲಲ್ಲಿ ನಿಂತಿದ್ದವರು ಇವರು.

ಈಗ ಅಸಲು ಕಾರಣ. ‘ಪ್ರಾಕ್ಸಿ ಕ್ಯಾಶ್ ಲಾಕ್’ ಕೆಲಸ ಮಾಡುವುದು ಕ್ಯಾಶಿನಲ್ಲಿ ಹೊಸದಾಗಿ ಒಂದು ವಸ್ತು ತುಂಬುವಾಗ ಮಾತ್ರ. ಪ್ರತಿ ಇಲ್ಲವೇ ಇಲ್ಲ, ಮಿಸ್ ಎಂದಾಗ. ನಿಮ್ಮಲ್ಲಿ ಪ್ರತಿ ಇದೆ, ಅವಧಿ ಮುಗಿದಿದೆ ಅಷ್ಟೇ. ಅವಧಿ ಮುಗಿದ ಪ್ರತಿಯನ್ನು ಹೊಸತಾಗಿಸುವಾಗ ಆ ಲಾಕ್ ಯಾರನ್ನೂ ತಡೆಯುವುದಿಲ್ಲ. ಲಾಕ್ ಎಂಬ ಹೆಸರು ನೋಡಿ ಎಲ್ಲ ಕಡೆಗೂ ಕಾವಲು ಇದೆ ಎಂದು ಅನೇಕರು ನಂಬಿರುತ್ತಾರೆ, ದಾಖಲೆಯಲ್ಲಿ ‘ಹೊಸ’ ಎಂಬ ಪದ ಸ್ಪಷ್ಟವಾಗಿಯೇ ಇದೆ.

ಅವಧಿ ಮುಗಿದವಕ್ಕೆ ಬೇರೆ ಸೆಟ್ಟಿಂಗ್: ‘ಪ್ರಾಕ್ಸಿ ಕ್ಯಾಶ್ ಯೂಸ್ ಸ್ಟೇಲ್’ ಸಾಲಿನಲ್ಲಿ ‘ಅಪ್‌ಡೇಟಿಂಗ್’ ಸೇರಿಸಿ. ಆಗ ಒಬ್ಬ ಹೊಸದನ್ನು ತರಲು ಹೋದಾಗ ಉಳಿದವರಿಗೆ ಹಳೆಯ ಪ್ರತಿಯೇ ತಕ್ಷಣ ಸಿಗುತ್ತದೆ. ಕಾಯುವುದೂ ಇಲ್ಲ, ನುಗ್ಗುವುದೂ ಇಲ್ಲ. ಅದರ ಜೊತೆ ‘ಪ್ರಾಕ್ಸಿ ಕ್ಯಾಶ್ ಬ್ಯಾಕ್‌ಗ್ರೌಂಡ್ ಅಪ್‌ಡೇಟ್’ ಆನ್ ಮಾಡಿದರೆ ಆ ಮೊದಲನೆಯವನಿಗೂ ಹಳೆಯದು ಕೊಟ್ಟು, ಹೊಸದನ್ನು ಪ್ರಾಕ್ಸಿಯೇ ಹಿಂದಿನಿಂದ ತರುತ್ತದೆ. 1.11.10ರಿಂದ ಇದೆ.

ಇನ್ನೊಂದು, 504 ಬರುತ್ತದೆ ಅಂದಿರಿ. ಪಿಎಚ್‌ಪಿ ಓಡಿಸುವ ಎಫ್‌ಪಿಎಂ ಅನ್ನು ಹಾಕಿದ ಹಾಗೇ ಬಿಟ್ಟಿದ್ದರೆ ‘ಮ್ಯಾಕ್ಸ್ ಚಿಲ್ಡ್ರನ್’ 5 ಇರುತ್ತದೆ. ಏಕಕಾಲಕ್ಕೆ 5 ಜನರ ಕೆಲಸ ಮಾತ್ರ ಮಾಡುತ್ತದೆ, ಆರನೆಯವನಿಂದ ಸಾಲು. ನಿಮ್ಮ ಕೊನೆಯ ಸಾಲಿನ 6.934 ಅಲ್ಲಿಂದ ಬಂದದ್ದಿರಬೇಕು. ಅದನ್ನು ಏರಿಸುವ ಮೊದಲು ಮೇಲಿನದ್ದು ಮಾಡಿ. ಒಂದೇ ಕೋರಿಕೆ ಹಿಂದಕ್ಕೆ ಹೋಗುವುದಾದರೆ 5 ಧಾರಾಳ.

ಬೇಡ್ತಿ ದಂಡೆ (ಯಲ್ಲಾಪುರ)

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಾನು ತೋಟದವನು, ಕಂಪ್ಯೂಟರ್ ಓದಿದವನೂ ಹೌದು. ಹಳೆಯ ಪ್ರತಿ ಕೊಡುವುದು ಅಂದರೆ ಹಳೆಯ ದರ ತೋರಿಸುವುದಲ್ಲವೇ? ನಿನ್ನೆಯ ದರ ನೋಡಿ ಇವತ್ತು ಯಾರಾದರೂ ಮಾಲು ಕಳಿಸಿದರೆ? ಪುಟ ತಡವಾಗಿ ಬಂದರೂ ಸರಿಯಾದ ದರವೇ ಬರಬೇಕು. ಕಾಯಿಸಿ ಬೇಕಾದರೆ.

ಅಘನಾಶಿನಿ (ಕುಮಟಾ)

ಬೇಡ್ತಿಯವರೇ, ಇದು ಸರಿಯಾದ ಆಕ್ಷೇಪ, ಇದನ್ನು ಹಗುರ ಮಾಡಬಾರದು.

‘ಅಪ್‌ಡೇಟಿಂಗ್’ ಎಂದಷ್ಟೇ ಬರೆದರೆ ಪ್ರತಿ ಎಷ್ಟು ಹಳೆಯದಿರಬಹುದು ಎಂಬುದಕ್ಕೆ ಅದರಲ್ಲಿ ಮಿತಿ ಇಲ್ಲ. ಬೆನ್ನು ಬೆನ್ನಿಗೆ ಜನ ಬರುತ್ತಿದ್ದರೆ ಹಳೆಯದೆಂದರೆ ಒಂದೆರಡು ಸೆಕೆಂಡ್ ಹಳೆಯದು. ಆದರೆ ಸ್ವಲ್ಪ ಹೊತ್ತು ಯಾರೂ ಬಾರದೆ, ಆಮೇಲೆ ಒಬ್ಬರು ಬಂದರೆ ಅವರಿಗೆ ಆ ಸ್ವಲ್ಪ ಹೊತ್ತಿನಷ್ಟು ಹಳೆಯ ಪುಟ ಸಿಗುತ್ತದೆ. ಅದಕ್ಕೆ ಬೇಲಿ ಹಾಕಿರುವುದು ‘ಇನ್‌ಆಕ್ಟಿವ್’ ಎಂಬ ಇನ್ನೊಂದು ಅವಧಿ. ತಾನಾಗಿ ಅದು 10 ನಿಮಿಷ. ಅಷ್ಟು ಹೊತ್ತು ಯಾರೂ ಮುಟ್ಟದ ಪ್ರತಿಯನ್ನು ಎಂಜಿನ್‌ಎಕ್ಸ್ ಅಳಿಸುತ್ತದೆ. ಯಾರಾದರೂ ಅದನ್ನು 24 ಗಂಟೆ ಎಂದು ಏರಿಸಿಟ್ಟಿದ್ದರೆ ನೀವು ಹೇಳಿದ್ದೇ ಆಗುತ್ತದೆ, ನಿನ್ನೆಯ ದರ ಇವತ್ತು ಬರುತ್ತದೆ. ತೋಟದಮನೆಯವರು ಮೊದಲು ಅದನ್ನು ನೋಡಲಿ.

ಇದಕ್ಕಿಂತ ನೇರ ದಾರಿಯೂ ಇದೆ. 2010ರ ಆರ್‌ಎಫ್‌ಸಿ 5861ರಲ್ಲಿ ‘ಸ್ಟೇಲ್ ವೈಲ್ ರಿವ್ಯಾಲಿಡೇಟ್’ ಎಂಬುದನ್ನು ಹೇಳಿದ್ದಾರೆ. ಹಿಂದಿನ ಸರ್ವರ್ ತಾನೇ ಹೆಡರಿನಲ್ಲಿ ಬರೆಯುತ್ತದೆ: ಇದು 20 ಸೆಕೆಂಡ್ ತಾಜಾ, ಆಮೇಲೆ ಇನ್ನು 30 ಸೆಕೆಂಡ್ ತನಕ ಹಳೆಯದಾದರೂ ಕೊಡಬಹುದು, ಅದರಾಚೆ ಬೇಡ. ಎಂಜಿನ್‌ಎಕ್ಸ್ ಅದನ್ನು ಪಾಲಿಸುತ್ತದೆ. ಆದರೆ ‘ಯೂಸ್ ಸ್ಟೇಲ್ ಅಪ್‌ಡೇಟಿಂಗ್’ ಎಂದು ಕಾನ್ಫಿಗ್‌ನಲ್ಲಿ ಬರೆದಿದ್ದರೆ ಅದಕ್ಕೇ ಮೊದಲ ಮರ್ಯಾದೆ, ಹೆಡರಿನ ಮಿತಿ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ದರದ ಪುಟಕ್ಕೆ ಆ ಪದ ತೆಗೆದು, ಬ್ಯಾಕ್‌ಗ್ರೌಂಡ್ ಅಪ್‌ಡೇಟ್ ಮಾತ್ರ ಇಟ್ಟು, ಮಿತಿಯನ್ನು ಹೆಡರಿನಿಂದ ಕೊಡುವುದು ನನ್ನ ಸಲಹೆ. ಅತಿ ಹಳೆಯದು ಅಂದರೆ 50 ಸೆಕೆಂಡ್. ನೀವು ಈಗ ಇಟ್ಟಿರುವ 1 ನಿಮಿಷಕ್ಕಿಂತ ತಾಜಾ!

ಒಂದು ಎಚ್ಚರ: ಆ ಹೆಡರ್ ಫೋನಿನ ತನಕ ಹೋದರೆ ಬ್ರೌಸರ್ ಕೂಡ ಅದನ್ನು ಪಾಲಿಸಿ ತನ್ನೊಳಗಿನ ಹಳೆಯದನ್ನು ತೋರಿಸಬಹುದು. ‘ಪ್ರಾಕ್ಸಿ ಹೈಡ್ ಹೆಡರ್’ ಹಾಕಿ ಅದನ್ನು ಅಲ್ಲೇ ತಡೆದು, ಫೋನಿಗೆ ‘ನೋ ಕ್ಯಾಶ್’ ಎಂದು ಕಳಿಸಿ.

ಕಾಯಿಸಿದರೂ ಅಡ್ಡಿಲ್ಲ ಅಂದಿರಿ. ಕಾಯಿಸುವುದಕ್ಕೂ ಬೆಲೆ ಇದೆ. ಲಾಕ್‌ನಲ್ಲಿ ನಿಂತವರು ಅರ್ಧ ಸೆಕೆಂಡಿಗೊಮ್ಮೆ ಬಂತೇ ಎಂದು ನೋಡುತ್ತಾರೆ, ಹಾಗಾಗಿ ಕ್ಷಣಮಾತ್ರದ ಪುಟಕ್ಕೂ ಅರ್ಧ ಸೆಕೆಂಡ್ ತಗಲಬಹುದು. ಅದು ಸಣ್ಣದು. ದೊಡ್ಡದು ‘ಲಾಕ್ ಟೈಮ್‌ಔಟ್’, ತಾನಾಗಿ 5 ಸೆಕೆಂಡ್. ಹಿಂದಿನ ಸರ್ವರ್ ಅವತ್ತು 7 ಸೆಕೆಂಡ್ ತೆಗೆದುಕೊಂಡಿತು ಅನ್ನಿ, 5ನೇ ಸೆಕೆಂಡಿಗೆ ತಾಳ್ಮೆ ಮುಗಿದು ನಿಂತವರೆಲ್ಲ ಒಟ್ಟಿಗೇ ಹಿಂದಕ್ಕೆ ನುಗ್ಗುತ್ತಾರೆ, ಅವರು ತಂದದ್ದು ಕ್ಯಾಶಿಗೂ ಹೋಗುವುದಿಲ್ಲ. ಸರ್ವರ್ ಮೊದಲೇ ಬಳಲಿರುವಾಗ ಇಡೀ ಗುಂಪು ಒಮ್ಮೆಗೇ ಮೇಲೆ ಬೀಳುತ್ತದೆ. ಆ ಗಡುವು ನಿಮ್ಮ ಪುಟದ ಅತಿ ಕೆಟ್ಟ ಹೊತ್ತಿಗಿಂತ ದೊಡ್ಡದಿರಬೇಕು. ಪಕ್ಕದಲ್ಲೇ ‘ಲಾಕ್ ಏಜ್’ ಎಂಬುದೂ 5 ಸೆಕೆಂಡ್ ಇರುತ್ತದೆ, ಹೋದವನು ಅಷ್ಟರಲ್ಲಿ ಬಾರದಿದ್ದರೆ ಇನ್ನೊಬ್ಬನನ್ನು ಕಳಿಸುವುದಕ್ಕೆ. ಎರಡನ್ನೂ ಒಟ್ಟಿಗೇ ಏರಿಸಿ.

ಬೇಡ್ತಿ ದಂಡೆ (ಯಲ್ಲಾಪುರ)

50 ಸೆಕೆಂಡ್ ಎಂದರೆ ಒಪ್ಪಿದೆ. ಪುಟದ ಮೇಲೆ ‘ಈ ದರ ಇಂಥ ದಿನ, ಇಷ್ಟು ಗಂಟೆಯದು’ ಎಂದು ದೊಡ್ಡದಾಗಿ ಬರೆದರೆ ಇನ್ನೂ ಒಳ್ಳೆಯದು, ಆಗ ಯಾವ ಪ್ರತಿ ಬಂದರೂ ನೋಡಿದವರಿಗೆ ತಿಳಿಯುತ್ತದೆ.

ಇನ್ನೊಂದು ಪ್ರಶ್ನೆ. ಮೊದಲು ಹೋದವನು ದೇವಿಮನೆ ಘಟ್ಟದಲ್ಲಿ ಬಸ್ಸಿನಲ್ಲಿ ಕೂತವನು ಅನ್ನಿ. ಕೋರಿಕೆ ಹೋಯಿತು, ತಿರುವಿನಲ್ಲಿ ನೆಟ್‌ವರ್ಕ್ ಕಡಿಯಿತು. ಅವನನ್ನು ನಂಬಿ ಕಾದವರ ಗತಿ ಏನು?

ಶರಾವತಿ ಕಡೆಯವ (ಹೊನ್ನಾವರ)

ಇದಕ್ಕೆ ನಾನು ಹೇಳುತ್ತೇನೆ, ನನ್ನ ಕೆಲಸ ವಾರ್ನಿಶ್ ಎಂಬ ಇನ್ನೊಂದು ಪ್ರಾಕ್ಸಿಯಲ್ಲಿ. ಅದರಲ್ಲಿ (4ನೇ ಆವೃತ್ತಿಯಿಂದ) ಹಿಂದಿನಿಂದ ತರುವವನೇ ಬೇರೆ, ಗಿರಾಕಿಗೆ ಕೊಡುವವನೇ ಬೇರೆ, ಎರಡು ಪ್ರತ್ಯೇಕ ಎಳೆ. ಗಿರಾಕಿ ಎದ್ದುಹೋದರೂ ತರುವವನು ತಂದೇ ತರುತ್ತಾನೆ. ಎಂಜಿನ್‌ಎಕ್ಸ್‌ನಲ್ಲೂ ಕ್ಯಾಶ್ ಮಾಡಬೇಕಾದ ಉತ್ತರವಾದರೆ ಗಿರಾಕಿ ಕಡಿದುಕೊಂಡರೂ ತರುವುದನ್ನು ನಿಲ್ಲಿಸುವುದಿಲ್ಲ. ಸ್ಕ್ವಿಡ್‌ನಲ್ಲಿ ಲೆಕ್ಕ ಬೇರೆ: ಇನ್ನೊಬ್ಬ ಓದುತ್ತಿದ್ದರೆ ಮುಂದುವರಿಸುತ್ತದೆ, ಒಬ್ಬನೇ ಇದ್ದು ಅವನು ಬಿಟ್ಟರೆ, 16 ಕೆಬಿಗಿಂತ ಕಡಿಮೆ ಉಳಿದಿದ್ದರೆ ಪೂರ್ತಿ ಮಾಡುತ್ತದೆ, ಇಲ್ಲವಾದರೆ ಕೈಬಿಡುತ್ತದೆ. ‘ಕ್ವಿಕ್ ಅಬಾರ್ಟ್’ ಸೆಟ್ಟಿಂಗ್‌ಗಳು ಅದಕ್ಕೇ ಇರುವುದು. ಕೋಡಿಬಾಗದವರು ದೊಡ್ಡ ಫೈಲುಗಳಿಗೆ ಅದನ್ನೂ ನೋಡಿ.

ವಾರ್ನಿಶ್ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಅದು 2006ರಲ್ಲಿ ನಾರ್ವೆಯ ಒಂದು ಪತ್ರಿಕೆಯ ತಾಣಕ್ಕಾಗಿ ಹುಟ್ಟಿದ್ದು, ಪೋಲ್ ಹೆನ್ನಿಂಗ್ ಕಾಂಪ್ ಅದರ ಶಿಲ್ಪಿ. ಸುದ್ದಿ ಒಡೆದಾಗ ಒಂದೇ ಪುಟಕ್ಕೆ ಜನ ಬೀಳುವುದು ಅಲ್ಲಿ ದಿನನಿತ್ಯದ ಮಾತು, ಹಾಗಾಗಿ ಮಡಚುವುದು ಅದರಲ್ಲಿ ತಾನಾಗಿಯೇ ಆನ್ ಇರುತ್ತದೆ. ಒಬ್ಬ ತರುತ್ತಿರುವಾಗ ಉಳಿದವರು ಕಾಯುವ ಪಟ್ಟಿಗೆ ಸೇರುತ್ತಾರೆ. ಉತ್ತರ ಬಂದಾಗ ಎಲ್ಲರನ್ನೂ ಒಮ್ಮೆಗೇ ಎಬ್ಬಿಸುವುದಿಲ್ಲ, ಒಬ್ಬ ಮುಗಿಸಿದರೆ ಮೂವರನ್ನು ಎಬ್ಬಿಸುತ್ತದೆ, ಆ ಮೂವರಿಂದ ಇನ್ನಷ್ಟು. ಎಬ್ಬಿಸುವುದರಲ್ಲೇ ನೂಕುನುಗ್ಗಲು ಆಗಬಾರದಲ್ಲ. ಮತ್ತೆ ‘ಗ್ರೇಸ್’ ಎಂದು 10 ಸೆಕೆಂಡ್ ತಾನಾಗಿ ಇದೆ, ಅವಧಿ ಮುಗಿದರೂ ಅಷ್ಟು ಹೊತ್ತು ಹಳೆಯದನ್ನು ಕೊಟ್ಟು ಹಿಂದಿನಿಂದ ಹೊಸತು ತರುತ್ತದೆ. ಅಘನಾಶಿನಿ ಅಕ್ಕ ಹೇಳಿದ್ದರ ಸಾರವೇ ಅದು.

ದೊಡ್ಡ ಫೈಲಿನಲ್ಲಿ ವ್ಯತ್ಯಾಸ ಜೋರಾಗಿ ಕಾಣುತ್ತದೆ. ವಾರ್ನಿಶ್‌ನಲ್ಲಿ ಬರುತ್ತಿರುವ ಬೈಟುಗಳನ್ನು ಬಂದ ಹಾಗೇ ಎಲ್ಲರಿಗೂ ಹರಿಸಬಹುದು. ಎಂಜಿನ್‌ಎಕ್ಸ್ ಲಾಕ್‌ನಲ್ಲಿ ಫೈಲು ಪೂರ್ತಿ ಬಂದು ಕ್ಯಾಶಿನಲ್ಲಿ ಕೂತ ಮೇಲೆಯೇ ಕಾದವರಿಗೆ ಸಿಗುವುದು. ಅದಕ್ಕೆ ಅಲ್ಲಿ ‘ಸ್ಲೈಸ್’ ಮಾಡ್ಯೂಲ್ ಇದೆ, ಫೈಲನ್ನು 1 ಎಂಬಿಯ ತುಂಡುಗಳಾಗಿ ತರಬಹುದು, ತುಂಡಿಗೊಂದು ಲಾಕ್.

ತೋಟದಮನೆ (ಶಿರಸಿ)

ಹಾಗಾದರೆ ಸಂಘದ ಎಲ್ಲ ಪುಟಗಳಿಗೂ ಲಾಕ್ ಹಾಕಿಬಿಡಬಹುದಾ? ಸದಸ್ಯರು ಲಾಗಿನ್ ಆಗಿ ತಮ್ಮ ಖಾತೆ ನೋಡುವ ಪುಟವೂ ಅದೇ ಸರ್ವರ್‌ನಲ್ಲಿದೆ.

ಶರಾವತಿ ಕಡೆಯವ (ಹೊನ್ನಾವರ)

ಬೇಡ ಮಾರಾಯ್ರೆ, ಅದೊಂದು ಮಾಡಬೇಡಿ!

ಎರಡು ಅಪಾಯ ಇದೆ. ಮೊದಲನೆಯದು ನಿಧಾನದ್ದು. ಲಾಗಿನ್ ಪುಟ ‘ಸೆಟ್ ಕುಕಿ’ (ಬಂದವರು ಯಾರೆಂದು ಗುರುತಿಸುವ ಚೀಟಿ ಕೊಡುವ ಹೆಡರ್) ಕಳಿಸುತ್ತದೆ, ಅಂಥ ಉತ್ತರವನ್ನು ಎಂಜಿನ್‌ಎಕ್ಸ್ ಇಟ್ಟುಕೊಳ್ಳುವುದಿಲ್ಲ. ಲಾಕ್ ಮಾತ್ರ ಇದ್ದರೆ ಏನಾಗುತ್ತದೆ ನೋಡಿ: ಒಬ್ಬ ಹೋದ, ತಂದ, ಇಟ್ಟುಕೊಳ್ಳಲಿಲ್ಲ. ಕಾದವರಲ್ಲಿ ಇನ್ನೊಬ್ಬ ಎದ್ದ, ಅವನಿಗೂ ಕ್ಯಾಶ್ ಖಾಲಿ, ಅವನು ಹೋದ. ಹೀಗೆ ಒಬ್ಬರ ಹಿಂದೆ ಒಬ್ಬರು. ಒಟ್ಟಿಗೇ ಹೋಗಬಹುದಾಗಿದ್ದವರನ್ನು ನಾವೇ ಸಾಲಿನಲ್ಲಿ ನಿಲ್ಲಿಸಿ, 5 ಸೆಕೆಂಡಿನ ಗಡುವು ಮುಗಿದ ಮೇಲೆ ಬಿಟ್ಟ ಹಾಗೆ. ವಾರ್ನಿಶ್ ಇದನ್ನು ನೆನಪಿಟ್ಟುಕೊಂಡು ಪರಿಹರಿಸುತ್ತದೆ. ಒಮ್ಮೆ ಇಟ್ಟುಕೊಳ್ಳಲಾಗದ ಉತ್ತರ ಬಂದರೆ ‘ಹಿಟ್ ಫಾರ್ ಮಿಸ್’ ಎಂಬ ಗುರುತು ಹಾಕಿ, 120 ಸೆಕೆಂಡ್ ಆ ವಿಳಾಸಕ್ಕೆ ಯಾರನ್ನೂ ಕಾಯಿಸುವುದಿಲ್ಲ. ಎಂಜಿನ್‌ಎಕ್ಸ್‌ನಲ್ಲಿ ಆ ನೆನಪು ಇಲ್ಲ, ನೀವೇ ಬೇರೆ ‘ಲೊಕೇಶನ್’ (ಆ ವಿಳಾಸಗಳಿಗೆ ಮಾತ್ರದ ಕಾನ್ಫಿಗ್ ಭಾಗ) ಮಾಡಿ ಕ್ಯಾಶ್ ಆಫ್ ಮಾಡಬೇಕು.

ಎರಡನೆಯ ಅಪಾಯದ ಮುಂದೆ ಇದು ಏನೂ ಅಲ್ಲ. ಕ್ಯಾಶ್ ಆಗುತ್ತಿಲ್ಲವಲ್ಲ ಎಂದು ಕೆಲವರು ‘ಪ್ರಾಕ್ಸಿ ಇಗ್ನೋರ್ ಹೆಡರ್ಸ್’ ಹಾಕಿ ಸೆಟ್ ಕುಕಿ ಇದ್ದರೂ ಇಟ್ಟುಕೊ ಎಂದು ಒತ್ತಾಯ ಮಾಡುತ್ತಾರೆ. ಎಂಜಿನ್‌ಎಕ್ಸ್‌ನ ಕ್ಯಾಶ್ ಕೀ (ಪ್ರತಿಯನ್ನು ಗುರುತಿಸುವ ಹೆಸರು) ತಾನಾಗಿ ಸ್ಕೀಮ್ (ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ಎಂಬುದು), ಹಿಂದಿನ ಸರ್ವರ್ ಹೆಸರು ಮತ್ತು ವಿಳಾಸದಿಂದ ಆಗುತ್ತದೆ, ಅದರಲ್ಲಿ ಕುಕಿ ಇಲ್ಲ. ಎಲ್ಲ ಸದಸ್ಯರಿಗೂ ಖಾತೆ ಪುಟದ ವಿಳಾಸ ಒಂದೇ. ಅಂದರೆ ಮೊದಲು ಬಂದವರ ಸಾಲ, ಠೇವಣಿ, ಬಾಕಿ ಎಲ್ಲ ಆಮೇಲೆ ಬಂದವರ ಪರದೆ ಮೇಲೆ. ಇದನ್ನು ಆಮೇಲೆ ತಿದ್ದಲಿಕ್ಕೆ ಬರುವುದಿಲ್ಲ, ನೋಡಿದವರು ನೋಡಿಯಾಯಿತು. ಹಳ್ಳಿಯ ಸಂಘದಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತಿರುವವರೇ, ಅಲ್ಲಿ ಇದು ಎಷ್ಟು ನೋವು ಕೊಡುತ್ತದೆ ಎಂದು ಯೋಚಿಸಿ.

ಅಘನಾಶಿನಿ (ಕುಮಟಾ)

ಶರಾವತಿಯವರು ಹೇಳಿದ್ದಕ್ಕೆ ಪೂರ್ತಿ ಸಹಮತ. ನಿಯಮಾವಳಿಯೂ ಅದೇ ಹೇಳುತ್ತದೆ: ‘ಆಥರೈಸೇಶನ್’ ಹೆಡರ್ ಇರುವ ಕೋರಿಕೆಗೆ ಬಂದ ಉತ್ತರವನ್ನು, ಹಿಂದಿನ ಸರ್ವರ್ ಬಾಯಿಬಿಟ್ಟು ಅನುಮತಿ ಕೊಡದ ಹೊರತು, ಹಂಚಿಕೆಯ ಕ್ಯಾಶ್ ಇನ್ನೊಬ್ಬರಿಗೆ ಕೊಡಬಾರದು. ಆದರೆ ಕುಕಿಯಲ್ಲಿ ಲಾಗಿನ್ ಇಟ್ಟ ತಾಣಗಳಿಗೆ ಆ ಕಾವಲು ತಾನಾಗಿ ಸಿಗುವುದಿಲ್ಲ, ನಾವೇ ಕಾಯಬೇಕು. ಯಾರು ಕೇಳಿದರೂ ಉತ್ತರ ಅಕ್ಷರಶಃ ಒಂದೇ ಇರುವ ಪುಟಕ್ಕೆ ಮಾತ್ರ ಮಡಚುವುದು.

ದರದ ಪುಟದಲ್ಲೂ ಒಂದು ಪರೀಕ್ಷೆ ಮಾಡಿ: ಪಿಎಚ್‌ಪಿ ಕಡತದ ಮೇಲ್ಗಡೆ ‘ಸೆಷನ್ ಸ್ಟಾರ್ಟ್’ ಇದೆಯೇ? ಇದ್ದರೆ ಅದು ಬೇಡದಿದ್ದರೂ ಕುಕಿ ಕಳಿಸುತ್ತದೆ. ನಿಮಗೆ ಹಿಟ್ ಬರುತ್ತಿರುವುದರಿಂದ ಇರಲಿಕ್ಕಿಲ್ಲ, ಆದರೂ ನೋಡಿ.

ಕೋಡಿಬಾಗ (ಕಾರವಾರ)

ಮಡಚುವುದು ನಿಜವಾಗಿ ಆಗುತ್ತಿದೆಯೇ ಎಂದು ಪರೀಕ್ಷೆ ಮಾಡುವುದು ಹೇಗೆ? ಇಡೀ ಕ್ಲಾಸನ್ನು ಕೂರಿಸುವುದು ಬಿಟ್ಟು ಬೇರೆ ದಾರಿ ಇದೆಯೇ?

ಅಘನಾಶಿನಿ (ಕುಮಟಾ)

ಇದೆ. ಹಿಂದಿನ ಸರ್ವರ್‌ನಲ್ಲಿ ಒಂದು ಪರೀಕ್ಷೆಯ ಪುಟ ಮಾಡಿ, ಅದು 3 ಸೆಕೆಂಡ್ ಸುಮ್ಮನೆ ನಿಂತು ಆಮೇಲೆ ಈಗಿನ ಗಂಟೆ ಬರೆಯಲಿ, 20 ಸೆಕೆಂಡ್ ಕ್ಯಾಶ್ ಮಾಡಬಹುದು ಎಂದು ಹೆಡರ್ ಕೊಡಲಿ. ‘ಅಪಾಚೆ ಬೆಂಚ್’ನಿಂದ 50 ಕೋರಿಕೆ ಏಕಕಾಲಕ್ಕೆ ಬಿಡಿ. ಆಮೇಲೆ ಪ್ರಾಕ್ಸಿಯ ಲಾಗ್ ನೋಡಬೇಡಿ, ಹಿಂದಿನ ಸರ್ವರ್‌ನ ಲಾಗ್ ನೋಡಿ. ಅಲ್ಲಿ ಒಂದೇ ಸಾಲು ಇದ್ದರೆ ಮಿಸ್ ಆದಾಗ ಮಡಚುತ್ತಿದೆ ಎಂದರ್ಥ. 20 ಸೆಕೆಂಡ್ ಕಳೆದ ಕೂಡಲೇ ಮತ್ತೆ 50 ಬಿಡಿ. ಈ ಎರಡನೆಯ ಸುತ್ತು ಮುಖ್ಯ, ಅವಧಿ ಮುಗಿದಾಗ ಏನಾಗುತ್ತದೆ ಎಂದು ತಿಳಿಯುವುದು ಅದರಲ್ಲೇ. ಮೊದಲ ಸುತ್ತು ಮಾತ್ರ ಮಾಡಿ ಸರಿ ಇದೆ ಎಂದು ಬಿಟ್ಟರೆ ತೋಟದಮನೆಯವರ ಲಾಗಿನಂಥದ್ದು ದರ ಬರುವ ಹೊತ್ತಿಗೆ ಎದುರಾಗುತ್ತದೆ.

ಪುಟ ನಿಲ್ಲುವ ಹೊತ್ತನ್ನು 3ರಿಂದ 8 ಸೆಕೆಂಡ್‌ಗೆ ಏರಿಸಿ, ಖಾಲಿ ಕ್ಯಾಶಿನಿಂದ ಮತ್ತೊಮ್ಮೆ ಮಾಡಿ. ಲಾಕ್ ಗಡುವು 5ರಲ್ಲೇ ಇದ್ದರೆ ಹಿಂದಿನ ಲಾಗಿನಲ್ಲಿ ಗುಂಪು ಕಣ್ಣಿಗೇ ಕಾಣುತ್ತದೆ.

ತೋಟದಮನೆ (ಶಿರಸಿ)

ಮಾಡಿದೆ. ಹೆಡರಿನಲ್ಲಿ 20 ಮತ್ತು 30, ಬ್ಯಾಕ್‌ಗ್ರೌಂಡ್ ಅಪ್‌ಡೇಟ್ ಆನ್, ಲಾಕ್ ಗಡುವು ಮತ್ತು ಲಾಕ್ ಏಜ್ ಎರಡೂ 15 ಸೆಕೆಂಡ್, ‘ಇನ್‌ಆಕ್ಟಿವ್’ 10 ನಿಮಿಷವೇ ಇತ್ತು, ಹಾಗೇ ಬಿಟ್ಟೆ. ಖಾತೆ ಪುಟಗಳಿಗೆ ಬೇರೆ ಲೊಕೇಶನ್, ಕ್ಯಾಶ್ ಇಲ್ಲ. ಬೇಡ್ತಿಯವರು ಹೇಳಿದ ಹಾಗೆ ದರದ ಮೇಲೆ ದಿನ ಮತ್ತು ಗಂಟೆ ದಪ್ಪ ಅಕ್ಷರದಲ್ಲಿ ಹಾಕಿದೆ.

ಇವತ್ತು ದರ ಬಂದ ಮೇಲಿನ ಲಾಗ್ ಹೀಗಿದೆ: ಹಿಟ್, ಹಿಟ್, ಸ್ಟೇಲ್ ಒಂದು, ಅದರ ಹಿಂದೆ ಅಪ್‌ಡೇಟಿಂಗ್, ಅಪ್‌ಡೇಟಿಂಗ್, ಅಪ್‌ಡೇಟಿಂಗ್, ಮತ್ತೆ ಹಿಟ್. ಪಿಎಚ್‌ಪಿಯ ಲಾಗಿನಲ್ಲಿ ಪ್ರತಿ ಸುತ್ತಿಗೂ ಒಂದೇ ಸಾಲು. ಡೇಟಾಬೇಸ್ ಅಲ್ಲಾಡಲಿಲ್ಲ, 504 ಒಂದೂ ಇಲ್ಲ. ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ.

ಒಂದು ಮಾತ್ರ ಉಳಿದಿದೆ. ಲಾಗಿನಲ್ಲಿ ಅಲ್ಲಲ್ಲಿ ಮಿಸ್ ಕಾಣುತ್ತದೆ, ಅವೆಲ್ಲ ಫೇಸ್‌ಬುಕ್ಕಿನಿಂದ ಬಂದವು. ವಿಳಾಸದ ಕೊನೆಗೆ ‘ಎಫ್‌ಬಿ ಕ್ಲಿಕ್ ಐಡಿ’ ಎಂದು ಉದ್ದದ್ದೊಂದು ಬಾಲ ಇದೆ, ಒಬ್ಬೊಬ್ಬರಿಗೂ ಬೇರೆ ಬೇರೆ.

ಶರಾವತಿ ಕಡೆಯವ (ಹೊನ್ನಾವರ)

ಅದೇ ಕಾರಣ. ಬಾಲ ಬೇರೆಯಾದರೆ ವಿಳಾಸ ಬೇರೆ, ವಿಳಾಸ ಬೇರೆಯಾದರೆ ಕೀ ಬೇರೆ. ಪ್ರಾಕ್ಸಿಗೆ ಅವು ಒಂದೇ ಪುಟ ಎಂದು ಗೊತ್ತಾಗುವುದಿಲ್ಲ, ಮಡಚುವುದೂ ಇಲ್ಲ. ಫೇಸ್‌ಬುಕ್ ಗುಂಪಿನಲ್ಲಿ ಲಿಂಕ್ ಜೋರಾಗಿ ಓಡಿದ ದಿನ ಇದೇ ದಾರಿಯಲ್ಲಿ ಮತ್ತೆ ಹೊರೆ ಬರುತ್ತದೆ.

ನಿಮ್ಮ ದರದ ಪುಟಕ್ಕೆ ಪ್ರಶ್ನೆಚಿಹ್ನೆಯ ನಂತರದ್ದು ಯಾವುದೂ ಬೇಡ ತಾನೇ? ಹಾಗಿದ್ದರೆ ಆ ಲೊಕೇಶನ್‌ನಲ್ಲಿ ಮಾತ್ರ ‘ಪ್ರಾಕ್ಸಿ ಕ್ಯಾಶ್ ಕೀ’ ಬರೆದು, ರಿಕ್ವೆಸ್ಟ್ ಯುಆರ್‌ಐ ಬದಲು ಬರೀ ಯುಆರ್‌ಐ ಇಡಿ, ಬಾಲ ಕೀಗೆ ಸೇರುವುದಿಲ್ಲ. ತಾರೀಖು ಆರಿಸಿ ಹಳೆಯ ದರ ನೋಡುವ ಪುಟ ಇದ್ದರೆ ಅಲ್ಲಿ ಹೀಗೆ ಮಾಡಬೇಡಿ, ಅಲ್ಲಿ ತಾರೀಖು ಆ ಬಾಲದಲ್ಲೇ ಇರುತ್ತದೆ. ಅಲ್ಲಿ ಕೀಗೆ ತಾರೀಖಿನ ಆರ್ಗ್ಯುಮೆಂಟ್ ಒಂದನ್ನೇ ಸೇರಿಸಿ.

ತೋಟದಮನೆ (ಶಿರಸಿ)

ಹಳೆಯ ದರದ ಪುಟ ಇದೆ, ತಾರೀಖು ಬಾಲದಲ್ಲೇ ಇದೆ. ಎರಡಕ್ಕೂ ಬೇರೆ ಬೇರೆ ಕೀ ಬರೆದು ಇವತ್ತು ರಾತ್ರಿಯೇ ಹಾಕುತ್ತೇನೆ, ಅಘನಾಶಿನಿಯವರ 50 ಕೋರಿಕೆಯ ಪರೀಕ್ಷೆಯನ್ನು ಬೇರೆ ಬೇರೆ ಬಾಲ ಹಚ್ಚಿ ಓಡಿಸಿ ನೋಡುತ್ತೇನೆ.